ಗೃಹಪ್ರವೇಶದ ದಿನ ಪುರೋಹಿತರು ಗೋತ್ರ ಕೇಳಿದರು, ನನಗೆ ಗೊತ್ತಿರಲಿಲ್ಲ. ಎಲ್ಲಿಂದ ಶುರು ಮಾಡಲಿ?

ಹೊಸಮನೆ ಉತ್ತರಹಳ್ಳಿ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಉತ್ತರಹಳ್ಳಿ ಹತ್ತಿರ ನಮ್ಮ ಮನೆಯ ಗೃಹಪ್ರವೇಶ ಆಯಿತು. ನಾನು ಬೆಳೆದ ಮನೆಯಲ್ಲಿ ದೇವರ ಗೂಡು ಇರಲಿಲ್ಲ. ಅಪ್ಪ ಕಟ್ಟಾ ವಿಚಾರವಾದಿ. ಯಾರ ನಂಬಿಕೆಯನ್ನೂ ಹೀಗಳೆದವರಲ್ಲ, ಆದರೆ ಪೂಜೆ ಪುನಸ್ಕಾರ ಬೇಡ ಅಂತ ಒಮ್ಮೆ ತೀರ್ಮಾನ ಮಾಡಿದ ಮೇಲೆ ಆ ಮಾತೇ ಮನೆಯಲ್ಲಿ ಬರಲಿಲ್ಲ. ಹೆಂಡತಿಯ ತವರು ಚಾಮರಾಜಪೇಟೆ. ಅಲ್ಲಿ ದಿನಾ ಎರಡು ಹೊತ್ತು ದೀಪ ಹಚ್ಚುತ್ತಾರೆ.

ಅವತ್ತು ಬೆಳಗಿನ ಜಾವ ನಾಲ್ಕೂವರೆಗೆ ಪಂಚೆ ಉಟ್ಟು ಮಣೆ ಮೇಲೆ ಕೂತಿದ್ದೆ. ಕೈಯಲ್ಲಿ ಅಕ್ಷತೆ. ಹೆಂಡತಿ ನನ್ನ ಕೈ ಮುಟ್ಟಿಕೊಂಡು ಪಕ್ಕದಲ್ಲಿ ಕೂತಿದ್ದಳು. ಪುರೋಹಿತರು ಉದ್ದಕ್ಕೆ ಏನೋ ಹೇಳುತ್ತಾ ಹೋದರು. ಮಧ್ಯೆ ‘ಜಂಬೂದ್ವೀಪೇ’ ಅಂತ, ‘ಗೋದಾವರ್ಯಾಃ ದಕ್ಷಿಣೇ ತೀರೇ’ ಅಂತ ಕಿವಿಗೆ ಬಿತ್ತು. ಆಮೇಲೆ ನಿಲ್ಲಿಸಿ, ನನ್ನ ಕಡೆ ತಿರುಗಿ, ‘ಗೋತ್ರ ಹೇಳಿ’ ಅಂದರು. ಗೊತ್ತಿರಲಿಲ್ಲ. ‘ನಕ್ಷತ್ರ?’ ಅದೂ ಗೊತ್ತಿರಲಿಲ್ಲ. ಅವರು ಬೇಜಾರು ಮಾಡಿಕೊಳ್ಳದೆ ತಾವೇ ಏನೋ ಹೇಳಿ ಮುಂದುವರಿಸಿದರು. ಅಷ್ಟರಲ್ಲಿ ಅಕ್ಕಿಕಾಳು ಬೆವರಿಗೆ ಅಂಗೈಗೇ ಅಂಟಿಕೊಂಡಿತ್ತು. ಅರಿಶಿನದ ಬಣ್ಣ ಸಂಜೆವರೆಗೂ ಹೋಗಲಿಲ್ಲ.

ನನಗೆ ವಾದ ಬೇಡ. ನಂಬುವುದು ಬಿಡುವುದು ಆಮೇಲಿನ ಮಾತು. ನನ್ನ ಮನೆಯಲ್ಲೇ, ನನ್ನ ಹೆಸರಲ್ಲೇ ನಡೆದದ್ದು ಏನು ಅಂತ ತಿಳಿಯಬೇಕು. ಹುಡುಕಿದರೆ ತ್ರಿಮೂರ್ತಿಗಳು, ದಶಾವತಾರ ಅಂತ ಪಟ್ಟಿಗಳು ಸಿಗುತ್ತವೆ. ಓದಿದ್ದೇನೆ, ತಲೆಯಲ್ಲಿ ನಿಲ್ಲುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು, ದಯವಿಟ್ಟು ಹೇಳಿ.

ಗವೀಪುರದ ಮೇಷ್ಟ್ರು

ನಿಮ್ಮ ಕಿವಿಗೆ ಬಿದ್ದದ್ದರಿಂದಲೇ ಶುರು ಮಾಡಿ. ಅದನ್ನು ಸಂಕಲ್ಪ ಅನ್ನುತ್ತಾರೆ. ಯಾವ ಪೂಜೆಯೇ ಆಗಲಿ, ಮೊದಲು ಸಂಕಲ್ಪ. ‘ನಾನು ಯಾರು, ಎಲ್ಲಿದ್ದೇನೆ, ಕಾಲ ಯಾವುದು, ಈಗ ಏನು ಮಾಡಲು ಹೊರಟಿದ್ದೇನೆ’ ಅಂತ ದೇವರ ಮುಂದೆ ಹೇಳಿಕೊಳ್ಳುವುದು. ಕಾಗದ ಬರೆಯುವಾಗ ಮೇಲೆ ಊರು, ತಾರೀಕು ಹಾಕುತ್ತೇವಲ್ಲ, ಹಾಗೆ. ಆದರೆ ಈ ತಾರೀಕು ಬಹಳ ದೊಡ್ಡದು.

ಮೊದಲು ಬರುವುದು ಬ್ರಹ್ಮನ ವಯಸ್ಸು. ‘ದ್ವಿತೀಯ ಪರಾರ್ಧೇ’ ಅಂದರೆ ಬ್ರಹ್ಮನ ನೂರು ವರ್ಷದಲ್ಲಿ ಐವತ್ತು ಕಳೆದು ಎರಡನೆಯ ಅರ್ಧ ನಡೆಯುತ್ತಿದೆ. ಅವನ ಒಂದು ಹಗಲು ನಮ್ಮ 432 ಕೋಟಿ ವರ್ಷ. ಅದಕ್ಕೆ ಕಲ್ಪ ಅಂತ ಹೆಸರು. ಈಗಿನದು ಶ್ವೇತವರಾಹ ಕಲ್ಪ. ಒಂದು ಕಲ್ಪದಲ್ಲಿ 14 ಮನುಗಳು, ಈಗ ಏಳನೆಯವನಾದ ವೈವಸ್ವತ ಮನುವಿನ ಕಾಲ. ಅದರೊಳಗೆ 28ನೆಯ ಕಲಿಯುಗ, ಅದರ ಮೊದಲ ಕಾಲುಭಾಗ. ಕಲಿಯುಗದ ಒಟ್ಟು ಲೆಕ್ಕ 4,32,000 ವರ್ಷ. ಕ್ರಿಸ್ತಪೂರ್ವ 3102ರಲ್ಲಿ ಶುರುವಾಯಿತು ಅಂತ ಪಂಚಾಂಗದ ಲೆಕ್ಕ. ಅಂದರೆ ಐದು ಸಾವಿರ ಚಿಲ್ಲರೆ ವರ್ಷ ಆಗಿದೆ ಅಷ್ಟೇ.

ಕಾಲ ಒಂದೇ ಕಡೆಗೆ ಹರಿಯುವ ನೀರಲ್ಲ, ತಿರುಗುವ ಚಕ್ರ ಅನ್ನುವುದು ಈ ಧರ್ಮದ ಬುನಾದಿ. ಸೃಷ್ಟಿ, ಸ್ಥಿತಿ, ಲಯ, ಮತ್ತೆ ಸೃಷ್ಟಿ. ಬ್ರಹ್ಮ, ವಿಷ್ಣು, ಮಹೇಶ್ವರ ಈ ಮೂರು ಕೆಲಸಕ್ಕೆ ನಿಂತವರು. ನೀವು ಓದಿದ ಪಟ್ಟಿ ಇಲ್ಲಿ ಬಂತು ನೋಡಿ.

ಆಮೇಲೆ ಜಾಗ. ಜಂಬೂದ್ವೀಪ, ಭರತವರ್ಷ, ಭರತಖಂಡ, ಗೋದಾವರಿಯ ದಕ್ಷಿಣ ತೀರ. ಬೆಂಗಳೂರಿನಲ್ಲಿ ಕೂತವರು ಗೋದಾವರಿಗೆ ದಕ್ಷಿಣದವರು. ನಮ್ಮ ಕಡೆ ‘ರಾಮಕ್ಷೇತ್ರೇ’ ಅನ್ನುತ್ತಾರೆ, ಕರಾವಳಿಗೆ ಹೋದರೆ ‘ಪರಶುರಾಮಕ್ಷೇತ್ರೇ’. ‘ಬೌದ್ಧಾವತಾರೇ’ ಅಂತಲೂ ಬರುತ್ತದೆ. ವಿಷ್ಣುವಿನ ಹತ್ತು ಅವತಾರದಲ್ಲಿ ಒಂಬತ್ತನೆಯದು ಬುದ್ಧ ಅಂತ ಲೆಕ್ಕ ಹಾಕಿ, ಕಲ್ಕಿ ಇನ್ನೂ ಬರಬೇಕು, ಈಗ ಒಂಬತ್ತನೆಯದರ ಕಾಲ ಅನ್ನುವುದು. ಕೊನೆಗೆ ಶಾಲಿವಾಹನ ಶಕೆ, ಅರವತ್ತು ಸಂವತ್ಸರಗಳಲ್ಲಿ ಯಾವುದು, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ. ಬ್ರಹ್ಮನ ಆಯುಷ್ಯದಿಂದ ಇಳಿಯುತ್ತಾ ಇಳಿಯುತ್ತಾ ಉತ್ತರಹಳ್ಳಿಯ ಒಂದು ಮಣೆಯವರೆಗೆ ಬಂದು ನಿಲ್ಲುತ್ತದೆ. ಆಗ ನಿಮ್ಮ ಹೆಸರು ಕೇಳುತ್ತಾರೆ.

ಗೋತ್ರ ಅಂದರೆ ಯಾವ ಋಷಿಯ ವಂಶದವರು ಅನ್ನುವ ಗುರುತು. ಅದು ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಅಂತ ಹೇಳುವ ರೂಢಿ ಇದೆ. ಬಹುಶಃ ಅವರು ಅದನ್ನೇ ಹೇಳಿರಬೇಕು. ಯಾಕೆ ಅಂದರೆ ಪುರಾಣದ ಪ್ರಕಾರ ದೇವತೆಗಳು, ದೈತ್ಯರು, ಹಾವುಗಳು, ಗರುಡ ಎಲ್ಲರೂ ಕಶ್ಯಪನ ಮಕ್ಕಳೇ. ಆ ಮನೆಯಲ್ಲಿ ಎಲ್ಲರಿಗೂ ಜಾಗ ಇದೆ. ನೀವು ನಾಚಿಕೆಪಡಬೇಕಾದ್ದು ಏನೂ ಇಲ್ಲ.

ಈ ಕಾಲ, ಜಾಗದ ಮಾತು ಕಣ್ಣಿಗೆ ಕಾಣಬೇಕಾದರೆ ಸಂಕ್ರಾಂತಿ ಸಂಜೆ ನಮ್ಮ ಗವಿ ಗಂಗಾಧರೇಶ್ವರ ದೇವಸ್ಥಾನಕ್ಕೆ ಬನ್ನಿ. ಬಂಡೆ ಕೊರೆದ ಗುಹೆ, ಒಳಗೆ ತಲೆ ತಗ್ಗಿಸಿ ನಡೆಯಬೇಕು. ಇಳಿಬಿಸಿಲು ಹೊರಗಿಂದ ಬಂದು ನಂದಿಯ ಎರಡು ಕೊಂಬಿನ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಕೆಲವೇ ನಿಮಿಷ. ನಾನು ಹುಡುಗನಾಗಿದ್ದಾಗ ಅಜ್ಜಿಯ ಸೊಂಟದ ಪಕ್ಕದಿಂದ ಇಣುಕಿ ನೋಡಿದ್ದೆ. ಮೊದಲು ಪೀಠಕ್ಕೆ ತಾಗಿದ ಬೆಳಕು ನಿಧಾನವಾಗಿ ಮೇಲೇರಿತು. ಯಾರೂ ಮಾತಾಡಲಿಲ್ಲ.

ಹೊಸಮನೆ ಉತ್ತರಹಳ್ಳಿ

ಮೇಷ್ಟ್ರೇ, ನಿಮ್ಮ ಉತ್ತರ ಹೆಂಡತಿಗೆ ಓದಿ ಹೇಳಿದೆ. ಅವಳು ಚಿಕ್ಕಂದಿನಿಂದ ಕೇಳಿದ ಮಂತ್ರ, ಅರ್ಥ ಇವತ್ತೇ ಗೊತ್ತಾಯಿತು ಅಂದಳು. ಇನ್ನೊಂದು ಕೇಳಲಾ? ಮೂವತ್ಮೂರು ಕೋಟಿ ದೇವರು ಅನ್ನುತ್ತಾರೆ. ದೇವರೊಬ್ಬನೇ ಅಂತಲೂ ಅನ್ನುತ್ತಾರೆ. ಯಾವುದು ಸರಿ?

ಗವೀಪುರದ ಮೇಷ್ಟ್ರು

ಇದೇ ಪ್ರಶ್ನೆಯನ್ನು ಬೃಹದಾರಣ್ಯಕ ಉಪನಿಷತ್ತಿನಲ್ಲಿ ಶಾಕಲ್ಯ ಎಂಬ ಪಂಡಿತ ಯಾಜ್ಞವಲ್ಕ್ಯನಿಗೆ ಕೇಳುತ್ತಾನೆ. ಜನಕರಾಜನ ಸಭೆ. ‘ದೇವರು ಎಷ್ಟು?’ ಯಾಜ್ಞವಲ್ಕ್ಯ 3306 ಅನ್ನುತ್ತಾನೆ. ‘ಸರಿ, ನಿಜವಾಗಿ ಎಷ್ಟು?’ 33. ‘ಸರಿ, ನಿಜವಾಗಿ ಎಷ್ಟು?’ ಆರು. ಮತ್ತೆ ಕೇಳಿದರೆ ಮೂರು, ಮತ್ತೆ ಎರಡು, ಆಮೇಲೆ ಒಂದೂವರೆ. ಕೊನೆಗೆ ಒಂದು.

ಆ 33 ಯಾರು ಅಂದರೆ ವಸುಗಳು 8, ರುದ್ರರು 11, ಆದಿತ್ಯರು 12, ಜೊತೆಗೆ ಇಂದ್ರ ಮತ್ತು ಪ್ರಜಾಪತಿ. ಒಂದೂವರೆ ಅಂದರೆ ಬೀಸುವ ಗಾಳಿ. ಒಂದು ಅಂದರೆ ಪ್ರಾಣ, ಅದೇ ಬ್ರಹ್ಮ. ಇದು ನಾಲ್ಕು ಮುಖದ ಬ್ರಹ್ಮದೇವರಲ್ಲ, ಎಲ್ಲದಕ್ಕೂ ಮೂಲವಾದ ತತ್ವ. ಹೆಸರು ಹತ್ತಿರ ಇರುವುದರಿಂದ ಹೊಸಬರಿಗೆ ಇಲ್ಲಿ ಗೊಂದಲ ಜಾಸ್ತಿ.

ನನಗೆ ಈ ಸಂವಾದದಲ್ಲಿ ಬಹಳ ಇಷ್ಟವಾಗುವುದು ಏನು ಗೊತ್ತಾ? ಪ್ರತಿ ಉತ್ತರಕ್ಕೂ ಶಾಕಲ್ಯ ‘ಸರಿ’ ಅನ್ನುತ್ತಾನೆ. 3306 ಅಂದರೂ ಸರಿ, ಒಂದು ಅಂದರೂ ಸರಿ. ಋಗ್ವೇದದ ಮಾತೂ ಅದೇ. ಇರುವುದು ಒಂದು, ತಿಳಿದವರು ಹಲವು ಹೆಸರಿನಿಂದ ಕರೆಯುತ್ತಾರೆ.

ಕಾಟನ್‌ಪೇಟೆ ಹುಡುಗ

ಮೇಷ್ಟ್ರ ಮಾತು ಚೆನ್ನಾಗಿದೆ. ಆದರೆ ಒಂದು ಹೇಳಲೇಬೇಕು. ನಮ್ಮ ಮನೆಯಲ್ಲಿ ಯಾರಿಗೂ ಸಂಸ್ಕೃತ ಬರಲ್ಲ, ಸಂಕಲ್ಪ ಮಾಡಿಸಿದವರೂ ಇಲ್ಲ. ನಮ್ಮಜ್ಜಿಗೆ ಧರ್ಮ ಅಂದರೆ ಅಣ್ಣಮ್ಮ. ಬೆಂಗಳೂರಿನ ಗ್ರಾಮದೇವತೆ, ಮೆಜೆಸ್ಟಿಕ್ ಹತ್ತಿರ ಗುಡಿ ಇದೆ. ಏರಿಯಾದವರು ಸೇರಿ ಕರೆಸಿದರೆ ಅಮ್ಮ ನಮ್ಮ ಬೀದಿಗೇ ಬರುತ್ತಾಳೆ. ಚಪ್ಪರ, ತಮಟೆ, ಬೇವಿನಸೊಪ್ಪು, ಮೊಸರನ್ನ, ತಂಬಿಟ್ಟಿನ ಆರತಿ. ಮಗುವಿಗೆ ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಬಂದಿದ್ದಾಳೆ’ ಅನ್ನುತ್ತಿದ್ದರು. 1898ರಲ್ಲಿ ಊರಿಗೆ ಪ್ಲೇಗ್ ಬಂದಾಗ ಜನ ಪ್ಲೇಗ್ ಮಾರಮ್ಮ ಅಂತಲೇ ಗುಡಿ ಕಟ್ಟಿಕೊಂಡರು. ಭಯ ಎಲ್ಲಿದೆಯೋ ಅಲ್ಲಿ ಒಬ್ಬಳು ತಾಯಿ ಇರಬೇಕು ಅಲ್ವಾ.

ಕರಗ ನೋಡಿದ್ದೀರಾ? ತಿಗಳರಪೇಟೆಯ ಧರ್ಮರಾಯ ಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆ ರಾತ್ರಿ ಹೊರಡುತ್ತದೆ. ಅಲ್ಲಿ ದ್ರೌಪದಿಯೇ ಆದಿಶಕ್ತಿ. ತಿಗಳ ಕುಲದ ಒಬ್ಬರು ಸೀರೆ ಉಟ್ಟು, ಬಳೆ ತೊಟ್ಟು, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆ ಮೇಲೆ ಹೊತ್ತು ನಡೆಯುತ್ತಾರೆ. ಸುತ್ತ ವೀರಕುಮಾರರು ಕತ್ತಿ ಹಿಡಿದು ‘ಗೋವಿಂದಾ ಗೋವಿಂದಾ’ ಅಂತ ಕೂಗುತ್ತಾ ಬರುತ್ತಾರೆ. ಕರಗ ನಮ್ಮ ಬೀದಿಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಮುಂದೆ ಹೋಗುತ್ತದೆ. ನಾವು ಮನೆ ಮುಂದೆ ನೀರು ಹಾಕಿ, ರಂಗೋಲಿ ಬಿಟ್ಟು, ರಾತ್ರಿಯೆಲ್ಲಾ ಎದ್ದಿರುತ್ತೇವೆ. ಕತ್ತಲಲ್ಲಿ ಮೊದಲು ಮಲ್ಲಿಗೆ ವಾಸನೆ ಬರುತ್ತದೆ, ಆಮೇಲೆ ಗಂಟೆ ಸದ್ದು, ಆಮೇಲೆ ಅವಳು.

ಪರಿಚಯದ ಪುಸ್ತಕಗಳು ತ್ರಿಮೂರ್ತಿಗಳಿಂದ ಶುರುವಾಗುತ್ತವೆ, ನಮ್ಮಮ್ಮಂದಿರಿಗೆ ಕೊನೆಯ ಒಂದು ಸಾಲು ಕೊಡುತ್ತವೆ. ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಮೊದಲು ಕಾಣುವುದು ಅವಳ ಗುಡಿಯೇ. ಇದು ನನಗೆ ನೋವಿನ ವಿಷಯ, ಅದಕ್ಕೇ ಉದ್ದ ಬರೆದೆ.

ಗವೀಪುರದ ಮೇಷ್ಟ್ರು

ನೀವು ಹೇಳಿದ್ದು ಸರಿ. ನಾನು ಅವಳಿಂದಲೇ ಶುರು ಮಾಡಬೇಕಿತ್ತು.

ಜಯನಗರ ನಾಲ್ಕನೇ ಬ್ಲಾಕ್

ನಾನು ಹುಟ್ಟಿದ್ದು ಮಾಧ್ವರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಶಂಕರರ ಮತದ ಸ್ಮಾರ್ತರ ಮನೆಗೆ. ಪಕ್ಕದ ಮನೆಯವರು ಮೇಲುಕೋಟೆ ಕಡೆಯ ಅಯ್ಯಂಗಾರರು, ರಾಮಾನುಜರ ಮತದವರು. ಆದ್ದರಿಂದ ಮೂರು ಮತಗಳೂ ನನಗೆ ಅಡುಗೆಮನೆಯ ಮಟ್ಟದಲ್ಲಿ ಗೊತ್ತು. ಸಂಕಲ್ಪದ ಕೊನೆಯ ಸಾಲಿನಲ್ಲೇ ವ್ಯತ್ಯಾಸ ಕೇಳಿಸುತ್ತದೆ. ಅತ್ತೆ ಮನೆಯಲ್ಲಿ ‘ಪರಮೇಶ್ವರ ಪ್ರೀತ್ಯರ್ಥಂ’, ತವರಿನಲ್ಲಿ ‘ವಿಷ್ಣು ಪ್ರೇರಣಯಾ ವಿಷ್ಣು ಪ್ರೀತ್ಯರ್ಥಂ’.

ಜೀವಕ್ಕೂ ದೇವರಿಗೂ ಏನು ಸಂಬಂಧ ಅನ್ನುವುದೇ ಇಲ್ಲಿನ ದೊಡ್ಡ ಪ್ರಶ್ನೆ. ಶಂಕರರು ಎರಡೂ ಒಂದೇ, ಅಜ್ಞಾನದಿಂದ ಬೇರೆಯಾಗಿ ಕಾಣುತ್ತದೆ ಅಂದರು. ರಾಮಾನುಜರು ಜೀವ ಮತ್ತು ಜಗತ್ತು ನಾರಾಯಣನ ಶರೀರ, ಅವನನ್ನು ಬಿಟ್ಟು ಇರಲಾರವು, ಆದರೆ ಅವನೇ ಅಲ್ಲ ಅಂದರು. ಮಧ್ವರು ಬೇರೆ ಬೇರೆಯೇ, ಆ ಭೇದ ನಿಜ, ಮೋಕ್ಷದಲ್ಲೂ ಇರುತ್ತದೆ ಅಂದರು. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರೂ ನಮ್ಮ ರಾಜ್ಯದಲ್ಲೇ ಇವೆ. ಬೆಂಗಳೂರಿನಿಂದ ಬಸ್ಸು ಹತ್ತಿದರೆ ಮೂರನ್ನೂ ನೋಡಿ ಬರಬಹುದು. ಹರಿ ದೊಡ್ಡವನೋ ಹರ ದೊಡ್ಡವನೋ ಅಂತ ಜಗಳ ಬಂದಾಗ ಹರಿಹರದ ಗುಡಿಯನ್ನೂ ನೆನೆಯಬೇಕು. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ್ದು. ಒಂದೇ ಮೂರ್ತಿಯಲ್ಲಿ ಅರ್ಧ ಶಿವ, ಅರ್ಧ ವಿಷ್ಣು.

ಆದರೆ ನಿಮಗೆ ನನ್ನ ಸಲಹೆ ಬೇರೆ. ತತ್ವ ನಿಧಾನವಾಗಿ ಬರುತ್ತದೆ. ಪೂಜೆ ಅಂದರೆ ಏನು ಅಂತ ಕೈಯಲ್ಲಿ ತಿಳಿಯಿರಿ. ದೇವರು ಮನೆಗೆ ಬಂದ ನೆಂಟ. ಬನ್ನಿ ಅನ್ನುವುದು ಆವಾಹನೆ. ಕೂರಿಸುವುದು ಆಸನ. ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು. ಸ್ನಾನ, ಬಟ್ಟೆ, ಗಂಧ, ಹೂವು, ಧೂಪ, ದೀಪ, ಊಟ. ಹೀಗೆ ಹದಿನಾರು ಉಪಚಾರ. ನಮ್ಮಮ್ಮ ನೈವೇದ್ಯ ಇಟ್ಟ ಮೇಲೆ ಒಂದು ಗಳಿಗೆ ಆಚೆ ತಿರುಗಿ ನಿಲ್ಲುತ್ತಿದ್ದಳು. ಊಟ ಮಾಡುವವರನ್ನು ನೋಡುತ್ತಾ ನಿಲ್ಲಬಾರದು ಅಂತ. ಹೊಳೆದಂಡೆಯ ಮಣ್ಣು ಗಣೇಶ ಆಗುವುದೂ ಹೀಗೇ. ಪ್ರಾಣಪ್ರತಿಷ್ಠೆ ಆಗುವವರೆಗೆ ಅದು ಮಣ್ಣು. ಕರೆದ ಮೇಲೆ ದೇವರು. ಉತ್ತರಪೂಜೆ ಮಾಡಿ ಒಂದಿಷ್ಟು ಜರುಗಿಸಿ, ಹೋಗಿ ಬಾ ಅಂದ ಮೇಲೆ ಮತ್ತೆ ಮಣ್ಣು, ನೀರಿಗೆ ಬಿಡುತ್ತೇವೆ. ವಿಗ್ರಹವನ್ನು ಪೂಜಿಸುವುದಾ, ವಿಗ್ರಹದಲ್ಲಿ ಪೂಜಿಸುವುದಾ ಅನ್ನುವ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿ, ಬಕೆಟ್ಟಿನ ನೀರು ಕೆಂಪಾಗುವುದನ್ನು ನೋಡುತ್ತಾ ನಿಂತಾಗ.

ವಿಜಯನಗರದ ಶರಣೆ

ನಮ್ಮ ಮನೆಯ ಮಾತೂ ಇರಲಿ. ನಾವು ಲಿಂಗಾಯತರು. ಇಷ್ಟಲಿಂಗ ಕೊರಳಲ್ಲೇ ಇರುತ್ತದೆ. ಬೆಳಗ್ಗೆ ಎಡಗೈಯಲ್ಲಿಟ್ಟು, ವಿಭೂತಿ ಹಚ್ಚಿ, ದಿಟ್ಟಿಸಿ ಕೂರುತ್ತೇವೆ. ನಡುವೆ ಪೂಜಾರಿ ಬೇಡ, ಗುಡಿಯೂ ಬೇಡ. 12ನೇ ಶತಮಾನದ ಶರಣರು ಹೇಳಿದ್ದು ಅದನ್ನೇ, ಗಂಡು ಹೆಣ್ಣು, ಯಾವ ಕುಲದವರಾದರೂ ಸರಿ. ನಾವು ಹಿಂದೂ ಧರ್ಮದ ಒಳಗೋ ಹೊರಗೋ ಅನ್ನುವುದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. 2018ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಕೂಡ ಮಾಡಿತ್ತು. ಆ ವಾದ ಇಲ್ಲಿ ಬೇಡ. ಆದರೆ ಇಲ್ಲಿ ಯಾರಾದರೂ ‘ನಮ್ಮ ಧರ್ಮದಲ್ಲಿ ಎಲ್ಲರೂ ಹೀಗೇ’ ಅಂದರೆ ಸ್ವಲ್ಪ ತಾಳಿ ಅನ್ನುತ್ತೇನೆ.

ರಾತ್ರಿಪಾಳಿ ನರ್ಸ್

ನಾನು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಕರ್ಮದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಕ್ಕಳ ವಾರ್ಡಿನಲ್ಲಿ ಕೆಲಸ ನನ್ನದು. ಮೊನ್ನೆ ಒಬ್ಬ ತಾಯಿ ಮಗುವಿನ ಪಕ್ಕ ಕೂತಿದ್ದಳು. ನೋಡಲು ಬಂದ ಬಂಧುಗಳೊಬ್ಬರು ‘ಹೋದ ಜನ್ಮದ ಕರ್ಮ, ಅನುಭವಿಸಬೇಕು’ ಅಂತ ಹೇಳಿ ಹೋದರು. ಆ ತಾಯಿ ರಾತ್ರಿ ಎರಡು ಗಂಟೆಗೆ ನನ್ನನ್ನು ಕೇಳಿದಳು, ‘ಸಿಸ್ಟರ್, ಕರ್ಮ ನಂದಾ, ಮಗೂದಾ?’ ನನಗೆ ಉತ್ತರ ಬರಲಿಲ್ಲ. ಅವಳ ಪಕ್ಕ ಕೂತೆ ಅಷ್ಟೇ. ಧರ್ಮ ನಿಜವಾಗಿ ಹಾಗೆ ಹೇಳುತ್ತದಾ?

ಗವೀಪುರದ ಮೇಷ್ಟ್ರು

ತಾಯಿ, ನೀವು ಪಕ್ಕದಲ್ಲಿ ಕೂತಿದ್ದೇ ಧರ್ಮ.

ಕರ್ಮದ ಲೆಕ್ಕವನ್ನು ಮೂರಾಗಿ ಹೇಳುತ್ತಾರೆ. ಕೂಡಿಟ್ಟದ್ದು ಸಂಚಿತ, ಬತ್ತಳಿಕೆಯಲ್ಲಿರುವ ಬಾಣದ ಹಾಗೆ. ಆಗಲೇ ಬಿಟ್ಟ ಬಾಣ ಪ್ರಾರಬ್ಧ. ಈಗ ಕೈಯಲ್ಲಿ ಹಿಡಿದದ್ದು ಆಗಾಮಿ. ಮಾಡಿದ್ದಕ್ಕೆ ಫಲ ಉಂಟು, ಒಂದು ಜನ್ಮದಲ್ಲಿ ಮುಗಿಯದಿದ್ದರೆ ಇನ್ನೊಂದು ಜನ್ಮ, ಈ ಸುತ್ತಾಟ ಸಂಸಾರ, ಅದರಿಂದ ಬಿಡುಗಡೆ ಮೋಕ್ಷ. ತತ್ವ ಇಷ್ಟು. ಇದನ್ನು ಮನುಷ್ಯ ತನ್ನ ನಡತೆಯನ್ನು ತಿದ್ದಿಕೊಳ್ಳಲು ಹಿಡಿಯಬೇಕು. ಇನ್ನೊಬ್ಬರ ನೋವಿನ ಮುಂದೆ ಓದಲು ಅಲ್ಲ. ಪರರ ಪ್ರಾರಬ್ಧ ಇಂಥದ್ದೇ ಅಂತ ಹೇಳುವ ಕಣ್ಣು ನಮಗ್ಯಾರಿಗೂ ಇಲ್ಲ. ಬಂದವರು ಎದುರಿಗೆ ಇದ್ದ ತಮ್ಮ ಕರ್ತವ್ಯ ಬಿಟ್ಟು ಮಗುವಿನ ಲೆಕ್ಕ ಬರೆಯಲು ಹೋದರು.

ವಿಜಯನಗರದ ಶರಣೆ

ಮೇಷ್ಟ್ರೇ, ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕರ್ಮದ ಹೆಸರಲ್ಲಿ ಬಡವರನ್ನು, ಕೆಳಗಿಟ್ಟವರನ್ನು ಅಲ್ಲೇ ಇರಿ ಅಂತ ಕೂರಿಸಿದ್ದೂ ಉಂಟು. ಅದನ್ನು ಬಿಟ್ಟು ಪರಿಚಯ ಮಾಡಿಕೊಟ್ಟರೆ ಅದು ಅರ್ಧ ಪರಿಚಯ.

ಗವೀಪುರದ ಮೇಷ್ಟ್ರು

ಹೌದು. ಅದನ್ನು ಬಚ್ಚಿಡುವುದು ಬೇಡ.

ಮಾಗಡಿ ರಸ್ತೆ

ಹೊಸಮನೆಯವರೇ, ಇಷ್ಟೆಲ್ಲಾ ಆಯಿತು, ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನಿಮ್ಮ ಮನೆದೇವರು ಯಾವುದು? ನಮ್ಮ ಕಡೆ ಗೋತ್ರ ಗೊತ್ತಿಲ್ಲದ ಮನೆ ಬೇಕಾದಷ್ಟಿವೆ. ಮನೆದೇವರು ಇಲ್ಲದ ಮನೆ ಇಲ್ಲ. ಮದುವೆಯ ಮೊದಲ ಕಾರ್ಡು, ಮಗುವಿನ ಮೊದಲ ಮುಡಿ ಎಲ್ಲಾ ಅಲ್ಲಿಗೇ. ಅಪ್ಪ ಬಿಟ್ಟಿರಬಹುದು, ಮನೆತನದಲ್ಲಿ ಯಾರಾದರೂ ಇಟ್ಟುಕೊಂಡಿರುತ್ತಾರೆ. ಅಪ್ಪನ ಕಡೆಯ ಹಿರಿಯರನ್ನು ಕೇಳಿ.

ಹೊಸಮನೆ ಉತ್ತರಹಳ್ಳಿ

ಕ್ಷಮಿಸಿ, ಎರಡು ವಾರ ಇತ್ತ ಬರಲಾಗಲಿಲ್ಲ. ಮಾಗಡಿ ರಸ್ತೆಯವರು ಹೇಳಿದ ಮೇಲೆ ಸೋದರತ್ತೆಗೆ ಫೋನ್ ಮಾಡಿದೆ. ಅವರಿಗೆ ಎಂಬತ್ತರ ಹತ್ತಿರ. ‘ಗೋತ್ರ ಗೀತ್ರ ನಂಗೊತ್ತಿಲ್ಲ ಕಣೋ, ಮನೆದೇವರು ಸಾವನದುರ್ಗದ ನರಸಿಂಹಸ್ವಾಮಿ’ ಅಂದರು. ಆಮೇಲೆ ಬಾ ಅಂತ ಕರೆದರು.

ಹೋದಾಗ ಬೀರುವಿನ ಸೀರೆಗಳ ಕೆಳಗಿಂದ ಒಂದು ಗಂಟು ತೆಗೆದರು. ಅರಿಶಿನದ ಬಟ್ಟೆ, ಬಣ್ಣ ಮಾಸಿ ಮಣ್ಣಿನ ಹಾಗೆ ಆಗಿದೆ. ನಾನು ಹುಟ್ಟಿದಾಗ ಹನ್ನೆರಡು ದಿನ ಉಸಿರಾಟಕ್ಕೆ ಕಷ್ಟ ಆಗಿತ್ತಂತೆ. ಆಗ ಅತ್ತೆ ಹರಕೆ ಹೊತ್ತು, ನನ್ನ ಹೆಸರಲ್ಲಿ ಹನ್ನೊಂದು ರೂಪಾಯಿ ಮುಡುಪು ಕಟ್ಟಿಟ್ಟರಂತೆ. ಅಪ್ಪನಿಗೆ ಹೇಳಲಿಲ್ಲ. ‘ಅವನ ಮನಸ್ಸು ನೋಯಿಸಬಾರದು ಅಂತ ಸುಮ್ಮನಿದ್ದೆ, ನೀನು ಕೇಳಿದ ದಿನ ಕೊಡೋಣ ಅಂತ ಇಟ್ಟಿದ್ದೆ’ ಅಂದರು. ಮೂವತ್ತೈದು ವರ್ಷ. ಮೂರು ಮನೆ ಬದಲಿಸಿದ್ದಾರೆ, ಗಂಟು ಮಾತ್ರ ಜೊತೆಗೇ ಬಂದಿದೆ.

ಅಪ್ಪ ಈಗ ಇಲ್ಲ. ಇದ್ದಿದ್ದರೆ ಅವರಿಗೂ ತೋರಿಸುತ್ತಿದ್ದೆ.

ಈ ಮುಡುಪನ್ನು ಏನು ಮಾಡಬೇಕು? ಬಿಚ್ಚಬಹುದಾ? ಸಾವನದುರ್ಗಕ್ಕೆ ಹೇಗೆ ಹೋಗುವುದು? ನರಸಿಂಹನ ಕಥೆ ನನಗೆ ಅಷ್ಟಾಗಿ ಗೊತ್ತಿಲ್ಲ.

ಮಾಗಡಿ ರಸ್ತೆ

ಬಿಚ್ಚಬೇಡಿ. ಗಂಟು ಹಾಗೇ ಹುಂಡಿಗೆ ಹೋಗಬೇಕು. ಬಟ್ಟೆ ತೀರಾ ಹರಿದಿದ್ದರೆ ಹೊಸ ಅರಿಶಿನದ ಬಟ್ಟೆ ಮೇಲೆ ಸುತ್ತಿ. ಮಾಗಡಿ ದಾರಿಯಲ್ಲಿ ಹೋದರೆ ಬೆಟ್ಟದ ಬುಡದಲ್ಲೇ ಗುಡಿ, ಹತ್ತಿರದಲ್ಲೇ ವೀರಭದ್ರಸ್ವಾಮಿ ಗುಡಿಯೂ ಇದೆ. ಎರಡೂ ಕಡೆ ಕೈಮುಗಿದು ಬರುವುದು ವಾಡಿಕೆ. ಬೆಟ್ಟ ಹತ್ತುವುದು ಬೇಡ, ಅತ್ತೆಯವರನ್ನು ಕರೆದುಕೊಂಡು ಹೋಗಬಹುದು.

ಕಥೆ ಚಿಕ್ಕದಾಗಿ ಹೇಳುತ್ತೇನೆ. ಹಿರಣ್ಯಕಶಿಪು ಬ್ರಹ್ಮನಿಂದ ವರ ಪಡೆದಿದ್ದ. ಮನುಷ್ಯನಿಂದ, ಪ್ರಾಣಿಯಿಂದ ಸಾವು ಬೇಡ, ಹಗಲೂ ಬೇಡ ರಾತ್ರಿಯೂ ಬೇಡ, ಒಳಗೂ ಬೇಡ ಹೊರಗೂ ಬೇಡ. ಮಗ ಪ್ರಹ್ಲಾದ ಹರಿಭಕ್ತ. ‘ನಿನ್ನ ಹರಿ ಈ ಕಂಬದಲ್ಲಿ ಇದ್ದಾನಾ?’ ಅಂತ ಗುದ್ದಿದಾಗ ಕಂಬ ಸೀಳಿ ನರಸಿಂಹ ಬಂದ. ಅರ್ಧ ಸಿಂಹ, ಅರ್ಧ ಮನುಷ್ಯ. ಮುಸ್ಸಂಜೆ ಹೊತ್ತು. ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು ಕೊಂದದ್ದು ಹೊಸ್ತಿಲ ಮೇಲೆ. ಗೃಹಪ್ರವೇಶದ ದಿನ ನಿಮ್ಮ ಮನೆಯಲ್ಲಿ ಅರಿಶಿನ ಕುಂಕುಮ ಹಚ್ಚಿದರಲ್ಲ, ಅಂಥದ್ದೇ ಒಂದು ಹೊಸ್ತಿಲು.

ಕಾಟನ್‌ಪೇಟೆ ಹುಡುಗ

ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ನಮ್ಮಜ್ಜಿ ನೆನಪಾದರು.

ಹೊಸಮನೆ ಉತ್ತರಹಳ್ಳಿ

ಶನಿವಾರ ಬೆಳಗ್ಗೆ ಆರಕ್ಕೆ ಹೊರಡುತ್ತೇವೆ. ಅತ್ತೆ ಮುಂದಿನ ಸೀಟಿನಲ್ಲಿ ಕೂರುತ್ತಾರಂತೆ, ಗಂಟು ತಮ್ಮ ಮಡಿಲಲ್ಲೇ ಇರಬೇಕಂತೆ. ಹೆಂಡತಿ ಹೊಸ ಬಟ್ಟೆ ಅರಿಶಿನದಲ್ಲಿ ಅದ್ದಿ ಬಾಲ್ಕನಿಯಲ್ಲಿ ಒಣಹಾಕಿದ್ದಾಳೆ.